ಡಬ್ಬಿ ತೆರೆಯುವ ಮೊದಲೇ ಸುದ್ದಿ: ಹೊಸ ಫೋನಿನ ವದಂತಿ ಎಲ್ಲಿ ಹುಟ್ಟುತ್ತದೆ, ಎಷ್ಟು ನಂಬಬಹುದು

ಆಗಸ್ಟ್ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಮೊಬೈಲ್ ಅಂಗಡಿಗಳಲ್ಲಿ ಜನ ಬರುತ್ತಾರೆ, ಫೋನ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ, ರೇಟ್ ಕೇಳುತ್ತಾರೆ, ವಾಪಸ್ ಇಟ್ಟು ಹೋಗುತ್ತಾರೆ. ಕೊಳ್ಳುವ ಮನಸ್ಸಿದೆ, ದುಡ್ಡೂ ಇದೆ. ಆದರೆ ಮುಂದಿನ ತಿಂಗಳು ಹೊಸದು ಬರುತ್ತದಂತೆ.

ನಮ್ಮ ಅಕ್ಕನ ಮಗನದ್ದೂ ಅದೇ ಕಥೆ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಐಫೋನ್ ತಗೋಬೇಕು ಅಂತ ಪ್ರತಿ ತಿಂಗಳೂ ಪಗಾರದಲ್ಲಿ ಇಷ್ಟಿಷ್ಟು ಉಳಿಸಿದ್ದಾನೆ. ಅಂಗಡಿಯಲ್ಲಿ ನಿಂತು ನನಗೆ ಫೋನ್ ಮಾಡಿದ. "ಮಾಮಾ, ಈಗ್ಲೇ ತಗೊಳ್ಲೇನ್ರಿ, ಹೊಸಾದು ಬರೂತನಕ ನಿಂದ್ರಲೇನ್ರಿ?" ಹಿಂದಿನಿಂದ ಅಂಗಡಿಯವರ ದನಿ ಕೇಳಿಸಿತು. "ನಿಂದ್ರು ತಮ್ಮಾ, ಒಂದು ತಿಂಗಳು ನಿಂದ್ರು. ಹಳೇದರ ರೇಟ್ ಇಳೀತದ."

ಅವನು ನೋಡಿದ ವಿಡಿಯೊದಲ್ಲಿ ಹೊಸ ಫೋನಿನ ಬಣ್ಣ ಇತ್ತು. ಕ್ಯಾಮೆರಾ ಎಲ್ಲಿ ಕೂತಿದೆ ಅಂತ ಇತ್ತು. ಬ್ಯಾಟರಿ ಎಷ್ಟು, ಬಿಡುಗಡೆ ಯಾವ ದಿನ, ನಮ್ಮ ದೇಶದಲ್ಲಿ ರೇಟ್ ಎಷ್ಟು, ಎಲ್ಲವೂ ಇತ್ತು. ಆದರೆ ಕಂಪನಿ ಇನ್ನೂ ಒಂದು ಮಾತೂ ಹೇಳಿರಲಿಲ್ಲ. ಕಂಪನಿಯೇ ಹೇಳದ್ದು ಇವರಿಗೆ ಹೇಗೆ ಗೊತ್ತಾಯಿತು? ಅದರಲ್ಲಿ ನಿಜ ಎಷ್ಟು, ಸುಮ್ನೆ ಹೇಳಿದ್ದು ಎಷ್ಟು? ವರ್ಷದ ಉಳಿತಾಯ ಕೈಯಲ್ಲಿ ಹಿಡಿದು ನಿಂತ ಹುಡುಗನಿಗೆ ಇದು ಗೊತ್ತಾಗಲೇಬೇಕು.

ಸೋರಿಕೆ, ಅಂದಾಜು, ವದಂತಿ

ಈ ಮೂರನ್ನೂ ನಾವು "ಸುದ್ದಿ" ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ನಮ್ಮ ಕಡೆಯವರಿಗೆ ಇದನ್ನು ತೊಗರಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ. ಹೂವಾಗುವುದು ದೀಪಾವಳಿಯ ಆಸುಪಾಸು. ರಾಶಿ ಮಾಡುವುದು ಡಿಸೆಂಬರ್, ಜನವರಿಯಲ್ಲಿ. ಆದರೆ ನೆಹರೂ ಗಂಜ್‌ನಲ್ಲಿ ರೇಟಿನ ಮಾತು ರಾಶಿಯ ತನಕ ಕಾಯುವುದಿಲ್ಲ, ನವೆಂಬರ್‌ನಲ್ಲೇ ಶುರುವಾಗುತ್ತದೆ. ಒಬ್ಬ ರೈತ ತನ್ನ ಹೊಲದ ಗಿಡವನ್ನೇ ಕಿತ್ತು ತಂದು ಅಡತಿ ಅಂಗಡಿಯಲ್ಲಿ ತೋರಿಸುತ್ತಾನೆ, ನೋಡ್ರಿ, ಹೂವೆಲ್ಲ ಉದುರಿ ಹೋಗ್ಯಾದ ಅಂತ. ಕಣ್ಣಿಗೆ ಕಂಡ ವಸ್ತು ಅದು. ಫೋನಿನ ಲೋಕದಲ್ಲಿ ಇದಕ್ಕೆ ಸೋರಿಕೆ ಅನ್ನುತ್ತಾರೆ. ಕಂಪನಿ ತೋರಿಸಬೇಡ ಅಂದ ವಸ್ತುವೋ ಕಾಗದವೋ ಹೊರಗೆ ಬಂದಿರುತ್ತದೆ.

ಇನ್ನೊಬ್ಬರು ದಲಾಲರು. ಅವರು ಗಿಡ ತರುವುದಿಲ್ಲ. ಈ ಸಲ ಎಷ್ಟು ಬಿತ್ತನೆಯಾಗಿದೆ, ಮಳೆ ಯಾವಾಗ ಕೈಕೊಟ್ಟಿತು, ನೆಟೆರೋಗ ಯಾವ ತಾಲೂಕಿನಲ್ಲಿ ಜಾಸ್ತಿ, ಹೊರದೇಶದಿಂದ ಎಷ್ಟು ಬೇಳೆಕಾಳು ಬರುತ್ತಿದೆ, ಎಲ್ಲ ಕೂಡಿಸಿ ಆವಕ ಇಷ್ಟಾಗಬಹುದು ಅನ್ನುತ್ತಾರೆ. ಇದು ಅಂದಾಜು. ತಪ್ಪಾಗಬಹುದು, ಆದರೆ ಯಾವ ಲೆಕ್ಕದಿಂದ ಹೇಳಿದರು ಅಂತ ಕೇಳಿದರೆ ಉತ್ತರ ಇರುತ್ತದೆ.

ಮೂರನೆಯದು ಚಹಾದ ಅಂಗಡಿಯಲ್ಲಿ ಹುಟ್ಟುತ್ತದೆ. "ಈ ಸಲ ತೊಗರಿ ಎಲ್ಲಿಗೋ ಹೋಗ್ತದಂತ." ಯಾರು ಹೇಳಿದರು? ಗೊತ್ತಿಲ್ಲ. ಇದು ವದಂತಿ.

ಇನ್ನೊಂದು ವ್ಯತ್ಯಾಸವೂ ಗೊತ್ತಿರಬೇಕು. ಘೋಷಣೆಯ ದಿನ ಬೇರೆ, ಮಾರಾಟದ ದಿನ ಬೇರೆ. ಮೊದಲ ಐಫೋನ್ ಅನ್ನು ಅದನ್ನು ಮಾಡುವ ಆಪಲ್ ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೋರಿಸಿದ್ದು 2007ರ ಜನವರಿ 9ರಂದು. ಅದು ಅಂಗಡಿಗೆ ಬಂದದ್ದು ಜೂನ್ 29ರಂದು. ನಡುವೆ ಐದು ತಿಂಗಳಿಗೂ ಜಾಸ್ತಿ. ಅಷ್ಟು ಮೊದಲೇ ಯಾಕೆ ತೋರಿಸಿದರು ಅನ್ನುವುದನ್ನು ಜಾಬ್ಸ್ ಅದೇ ವೇದಿಕೆಯಲ್ಲಿ ಬಿಚ್ಚಿ ಹೇಳಿದ್ದರು. ಅಮೆರಿಕದಲ್ಲಿ ರೇಡಿಯೊ ಅಲೆ ಬಳಸುವ ಯಾವ ಉಪಕರಣಕ್ಕೂ ಎಫ್‌ಸಿಸಿ ಎಂಬ ಸರ್ಕಾರಿ ಸಂಸ್ಥೆಯ ಅನುಮತಿ ಬೇಕು. ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ನಮ್ಮ ಫೋನನ್ನು ಜನರಿಗೆ ಎಫ್‌ಸಿಸಿ ಪರಿಚಯಿಸುವ ಬದಲು ನಾವೇ ಪರಿಚಯಿಸುವುದು ವಾಸಿ ಅಂದುಕೊಂಡೆವು, ಎಂಬುದು ಅವರ ಮಾತಿನ ಸಾರ. ಗುಟ್ಟು ಕಾಪಾಡುವುದರಲ್ಲಿ ಹೆಸರಾದ ಕಂಪನಿಗೂ ಸರ್ಕಾರಿ ಕಾಗದದ ಭಯ ಇತ್ತು ನೋಡಿ.

ಇಷ್ಟು ದೊಡ್ಡ ಕಂಪನಿಗೆ ಗುಟ್ಟು ಮುಚ್ಚಿಡಲು ಆಗುವುದಿಲ್ಲವೇ?

ನಮ್ಮ ಓಣಿಯಲ್ಲಿ ಒಂದು ಮನೆಯವರು ಮದುವೆ ನಿಶ್ಚಯ ಮಾಡಿ ಯಾರಿಗೂ ಹೇಳಬಾರದು ಅಂದುಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. ಮನೆಯವರೇನೋ ಬಾಯಿ ಬಿಡುವುದಿಲ್ಲ. ಆದರೆ ಶಾಮಿಯಾನದವರಿಗೆ ತಾರೀಖು ಹೇಳಲೇಬೇಕು. ಅಡುಗೆಯವರಿಗೆ ಎಷ್ಟು ಎಲೆ ಅಂತ ಹೇಳಲೇಬೇಕು. ಬಂಗಾರದ ಅಂಗಡಿ, ಬಟ್ಟೆ ಅಂಗಡಿ, ಬ್ಯಾಂಡಿನವರು, ಒಬ್ಬೊಬ್ಬರಿಗೂ ಒಂದೊಂದು ತುಂಡು ಗೊತ್ತಿರುತ್ತದೆ. ಈ ತುಂಡುಗಳನ್ನು ಜೋಡಿಸುವ ಒಬ್ಬ ಮನುಷ್ಯ ಓಣಿಯಲ್ಲಿದ್ದರೆ ಸಾಕು. ಕಾರ್ಡು ಹಂಚುವ ಮೊದಲೇ ಮದುವೆಯ ಪೂರ್ತಿ ವಿವರ ಅವನ ಬಾಯಲ್ಲಿರುತ್ತದೆ.

ಫೋನಿನಲ್ಲೂ ಹೀಗೇ. ಪರದೆ ಒಂದು ಕಂಪನಿಯದು, ಕ್ಯಾಮೆರಾದ ಸೆನ್ಸರ್ ಇನ್ನೊಂದರದು, ಚಿಪ್ಪು ತಯಾರಾಗುವುದು ಮತ್ತೊಂದು ದೇಶದಲ್ಲಿ, ಜೋಡಣೆ ಮಗದೊಂದು ಕಡೆ. ಆಪಲ್ ತನಗೆ ಸಾಮಾನು ಕೊಡುವ ಮುಖ್ಯ ಕಂಪನಿಗಳ ಪಟ್ಟಿಯನ್ನು ತಾನೇ ಪ್ರಕಟಿಸುತ್ತದೆ. ಅದರಲ್ಲಿ ಇನ್ನೂರರ ಹತ್ತಿರ ಹೆಸರುಗಳಿರುತ್ತವೆ. ನಮ್ಮ ರಾಜ್ಯದಲ್ಲೂ ಐಫೋನ್ ಜೋಡಣೆ ನಡೆಯುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊದಲು ವಿಸ್ಟ್ರಾನ್ ನಡೆಸುತ್ತಿದ್ದ ಕಾರ್ಖಾನೆ ಈಗ ಟಾಟಾದವರದು. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಕಾರ್ಖಾನೆ ಇದೆ.

ಒಂದು ಫೋನ್ ಏಕಾಏಕಿ ಲಕ್ಷಗಟ್ಟಲೆ ತಯಾರಾಗುವುದೂ ಇಲ್ಲ. ಮೊದಲು ಸ್ವಲ್ಪೇ ಸ್ವಲ್ಪ ಮಾಡಿ, ಕೆಲಸ ಮಾಡುತ್ತದೆಯೇ ಅಂತ ನೋಡುತ್ತಾರೆ. ಆಮೇಲೆ ಇನ್ನಷ್ಟು ಮಾಡಿ ಬೀಳಿಸಿ, ನೀರಿಗೆ ಹಾಕಿ, ಬಿಸಿಗೆ ಇಟ್ಟು ಪರೀಕ್ಷಿಸುತ್ತಾರೆ. ಮೂರನೇ ಹಂತದಲ್ಲಿ ನಿಜವಾದ ಕಾರ್ಖಾನೆಯ ಸಾಲಿನಲ್ಲೇ ಓಡಿಸಿ ನೋಡುತ್ತಾರೆ. ಆಮೇಲೆ ದೊಡ್ಡ ಪ್ರಮಾಣದ ತಯಾರಿ. ಮಾರಾಟದ ಮೊದಲ ದಿನವೇ ಎಷ್ಟೋ ದೇಶಗಳ ಅಂಗಡಿಗಳಲ್ಲಿ ಸ್ಟಾಕ್ ಇರಬೇಕೆಂದರೆ ಈ ತಯಾರಿ ವಾರಗಟ್ಟಲೆ ಮೊದಲೇ ಶುರುವಾಗಬೇಕು. ಪ್ರತಿ ಹಂತದಲ್ಲೂ ಫೋನ್ ನೋಡಿದ ಕಣ್ಣುಗಳು ಹೆಚ್ಚುತ್ತಾ ಹೋಗುತ್ತವೆ. ಬಿಡುಗಡೆ ಹತ್ತಿರ ಬಂದಷ್ಟೂ ಸುದ್ದಿ ಸರಿಯಾಗುತ್ತಾ ಹೋಗುವುದಕ್ಕೆ ಇದೇ ಕಾರಣ.

ಸುದ್ದಿ ಹೊರಬೀಳುವ ಬಾಗಿಲುಗಳು

ಎಲ್ಲಕ್ಕಿಂತ ದೊಡ್ಡ ಬಾಗಿಲು ಬ್ಯಾಕ್ ಕವರ್. ಅಂಗಡಿಯಲ್ಲಿ ನೂರು, ಇನ್ನೂರು ರೂಪಾಯಿಗೆ ಸಿಗುವ ಆ ಕವರ್ ಹೊಸ ಫೋನ್ ಬಂದ ದಿನವೇ ಸಿಗಬೇಕು. ಹಾಗಿದ್ದರೆ ಅದರ ಅಚ್ಚು ಮೊದಲೇ ತಯಾರಾಗಬೇಕು. ಅಚ್ಚು ಮಾಡಲು ಫೋನಿನ ಉದ್ದ, ಅಗಲ, ದಪ್ಪ, ಗುಂಡಿ ಎಲ್ಲಿದೆ, ಕ್ಯಾಮೆರಾದ ಉಬ್ಬು ಎಷ್ಟು ಅನ್ನುವ ಅಳತೆ ಬೇಕು. ಈ ಅಳತೆಯ ಕಂಪ್ಯೂಟರ್ ಕಡತಗಳು ಕವರ್ ಮಾಡುವವರ ನಡುವೆ ಕೈ ಬದಲಾಗುತ್ತವೆ. ಅವೇ ಕಡತ ನೋಡಿ ಫೋನಿನಂಥ ಚಿತ್ರ ಬಿಡಿಸುವವರಿದ್ದಾರೆ. ಫೋನೇ ಅನ್ನಿಸುವ ನಕಲಿ ಮಾದರಿ, ಅಂದರೆ ಡಮ್ಮಿ, ಮಾಡುವವರೂ ಇದ್ದಾರೆ. ವಿಡಿಯೊಗಳಲ್ಲಿ ಕೈಯಲ್ಲಿ ಹಿಡಿದು ತೋರಿಸುವ "ಹೊಸ ಫೋನ್" ಬಹಳ ಸಲ ಈ ಡಮ್ಮಿಯೇ. ಅದು ಆನ್ ಆಗುವುದಿಲ್ಲ. ಆದರೆ ಆಕಾರ ಸಾಮಾನ್ಯವಾಗಿ ಸರಿ ಇರುತ್ತದೆ.

ಎರಡನೆಯದು ಸರ್ಕಾರಿ ಕಾಗದ. ಅಮೆರಿಕದ ಎಫ್‌ಸಿಸಿಯ ಮಾತು ಆಗಲೇ ಬಂತು. ಫೋಟೊ, ಕೈಪಿಡಿಗಳನ್ನು ಸ್ವಲ್ಪ ಕಾಲ ಗುಟ್ಟಾಗಿಡಿ ಅಂತ ಕಂಪನಿಗಳು ಅಲ್ಲಿ ಕೇಳಿಕೊಳ್ಳಬಹುದು. ನಮ್ಮ ದೇಶದಲ್ಲಿ ಮೊಬೈಲ್ ಫೋನ್, ಚಾರ್ಜರ್, ಪವರ್ ಬ್ಯಾಂಕ್ ಮಾರಬೇಕಾದರೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದಲ್ಲಿ ನೋಂದಣಿ ಕಡ್ಡಾಯ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ಹೊಸ ಮಾಡೆಲ್ ಸಂಖ್ಯೆ ಕಾಣಿಸಿತು ಅಂದರೆ ಒಂದು ಸಂಗತಿ ಗಟ್ಟಿ: ಕಂಪನಿ ಈ ಫೋನನ್ನು ನಮ್ಮ ದೇಶದಲ್ಲಿ ಮಾರಲು ತಯಾರಿ ನಡೆಸಿದೆ. ಯಾವ ದಿನ, ಎಷ್ಟು ರೇಟ್ ಅನ್ನುವುದು ಆ ಕಾಗದದಲ್ಲಿ ಇರುವುದಿಲ್ಲ. "ಬಿಐಎಸ್‌ನಲ್ಲಿ ಬಂತು, ಮುಂದಿನ ವಾರ ಬಿಡುಗಡೆ" ಅಂತ ಯಾರಾದರೂ ಹೇಳಿದರೆ ಮೊದಲರ್ಧ ಸೋರಿಕೆ, ಉಳಿದರ್ಧ ಅವರದೇ ಊಹೆ.

ಕಾನೂನು ಕೂಡ ಸುಳಿವು ಕೊಡುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಒಂದು ನಿಯಮ ಮಾಡಿತು. 2024ರ ಡಿಸೆಂಬರ್ 28ರ ನಂತರ ಅಲ್ಲಿ ಮಾರುವ ಹೊಸ ಫೋನ್‌ಗಳಿಗೆಲ್ಲ ಒಂದೇ ನಮೂನೆಯ, ಯುಎಸ್‌ಬಿ-ಸಿ ಚಾರ್ಜಿಂಗ್ ಕಿಂಡಿ ಇರಲೇಬೇಕು. ಅಂದಮೇಲೆ ಐಫೋನಿನ ಹಳೆ ಕಿಂಡಿ ಹೋಗುತ್ತದೆ ಅಂತ ಹೇಳಲು ಯಾರ ಗುಟ್ಟೂ ಬೇಕಿರಲಿಲ್ಲ. 2023ರ ಐಫೋನ್ 15ರಲ್ಲಿ ಅದು ಹೋಯಿತು.

ಮೂರನೆಯದು ಸಾಫ್ಟ್‌ವೇರ್. ನನಗೆ ಇದು ಬಹಳ ಕುತೂಹಲದ ಬಾಗಿಲು, ಏಕೆಂದರೆ ಇಲ್ಲಿ ಕಂಪನಿಯ ಕೈಯೇ ಜಾರುತ್ತದೆ. 2017ರ ಜುಲೈ ಕೊನೆಗೆ ಆಪಲ್ ತನ್ನ ಸ್ಪೀಕರ್ ಒಂದರ ಸಾಫ್ಟ್‌ವೇರ್ ಹೊರಗೆ ಬಿಟ್ಟಿತು. ಅದನ್ನು ಬಗೆದು ನೋಡಿದ ಪ್ರೋಗ್ರಾಮರ್‌ಗಳಿಗೆ ಒಳಗೆ ಹೊಸ ಐಫೋನಿನ ಮುಂಭಾಗದ ಗೆರೆಚಿತ್ರ ಸಿಕ್ಕಿತು. ಮುಖ ನೋಡಿ ಬೀಗ ತೆಗೆಯುವ ವ್ಯವಸ್ಥೆಯ ಸುಳಿವೂ ಸಿಕ್ಕಿತು. ಸೆಪ್ಟೆಂಬರ್ 12ರಂದು ಐಫೋನ್ ಎಕ್ಸ್ ಬಂದಾಗ ಎರಡೂ ನಿಜವಾಗಿದ್ದವು.

ನಾಲ್ಕನೆಯದು ಮನುಷ್ಯರ ಮರೆವು. 2010ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಾರೊಂದರಲ್ಲಿ ಆಪಲ್ ಎಂಜಿನಿಯರ್ ಒಬ್ಬರು ಪರೀಕ್ಷೆಗೆ ಕೊಟ್ಟಿದ್ದ ಹೊಸ ಫೋನ್ ಬಿಟ್ಟು ಹೋದರು. ಹಳೆ ಮಾಡೆಲ್‌ನಂತೆ ಕಾಣಲಿ ಅಂತ ಅದಕ್ಕೆ ಕವರ್ ಹಾಕಲಾಗಿತ್ತು. ಗಿಜ್ಮೊಡೊ ಎಂಬ ತಾಣ 5,000 ಡಾಲರ್ ಕೊಟ್ಟು ಅದನ್ನು ಕೊಂಡು ಏಪ್ರಿಲ್ 19ರಂದು ಫೋಟೊ ಸಮೇತ ಪ್ರಕಟಿಸಿತು. ಜೂನ್‌ನಲ್ಲಿ ಐಫೋನ್ 4 ಬಂದಾಗ ಜನ ಅದನ್ನು ಆಗಲೇ ನೋಡಿಬಿಟ್ಟಿದ್ದರು.

ಕೊನೆಯ ಬಾಗಿಲನ್ನು ಕಂಪನಿಯೇ ತೆರೆಯುತ್ತದೆ. 2019ರ ಜೂನ್‌ನಲ್ಲಿ ಗೂಗಲ್‌ನ ಪಿಕ್ಸೆಲ್ 4 ಫೋನಿನ ಚಿತ್ರಗಳು ಹೊರಬಿದ್ದವು. ಮುಚ್ಚಿಕೊಳ್ಳುವ ಬದಲು ಗೂಗಲ್ ತಾನೇ ಫೋನಿನ ಹಿಂಭಾಗದ ಅಧಿಕೃತ ಚಿತ್ರ ಹಾಕಿತು. ಫೋನ್ ಘೋಷಣೆಯಾದದ್ದು ಅಕ್ಟೋಬರ್‌ನಲ್ಲಿ. ಈಗ ಎಷ್ಟೋ ಕಂಪನಿಗಳು ದಿನಕ್ಕೊಂದು ಟೀಸರ್ ಬಿಡುತ್ತವೆ. ಇವತ್ತು ಬಣ್ಣ, ನಾಳೆ ಬ್ಯಾಟರಿ, ನಾಡಿದ್ದು ಚಿಪ್ಪು. ಇದು ಸೋರಿಕೆಯಂತೆ ಕಂಡರೂ ಜಾಹೀರಾತೇ.

ಬಾಯಿ ಬಿಟ್ಟರೆ ಕಂಪನಿಗೇನು ನಷ್ಟ?

1981ರಲ್ಲಿ ಆಸ್ಬೋರ್ನ್ ಎಂಬ ಅಮೆರಿಕದ ಕಂಪನಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ಮಾಡಿತು. 1,795 ಡಾಲರ್ ರೇಟು. ಚೆನ್ನಾಗಿ ಮಾರಾಟವಾಯಿತು. 1983ರಲ್ಲಿ ಕಂಪನಿಯವರು ಇದಕ್ಕಿಂತ ಒಳ್ಳೆಯದು ಬರುತ್ತಿದೆ ಅಂತ ಮೊದಲೇ ಹೇಳಿಬಿಟ್ಟರು. ಜನ ಹಳೆಯದನ್ನು ಕೊಳ್ಳುವುದು ನಿಲ್ಲಿಸಿದರು. ಹೊಸದು ಇನ್ನೂ ಕೈಗೆ ಬಂದಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದವು ಅನ್ನುವವರಿದ್ದಾರೆ. ಆದರೂ ಇವತ್ತಿಗೂ ವ್ಯಾಪಾರದ ಲೋಕದಲ್ಲಿ ಇದಕ್ಕೆ "ಆಸ್ಬೋರ್ನ್ ಪರಿಣಾಮ" ಅಂತಲೇ ಹೆಸರು. ಸೂಪರ್ ಮಾರ್ಕೆಟ್‌ನಲ್ಲಿ ಆಗಸ್ಟ್ ತಿಂಗಳು ಫೋನ್ ನೋಡಿ ವಾಪಸ್ ಇಟ್ಟು ಹೋಗುವ ಗಿರಾಕಿ ಮಾಡುತ್ತಿರುವುದೂ ಅದೇ. ಅಂಗಡಿಯವರಿಗೆ ಅದರ ಬಿಸಿ ಚೆನ್ನಾಗಿ ಗೊತ್ತು. ಸ್ಟಾಕ್ ಮೇಲೆ ಹಾಕಿದ ದುಡ್ಡು ಅಲ್ಲೇ ಕೂತಿರುತ್ತದೆ.

ಇನ್ನೊಂದು ಕಡೆ, ಪೂರ್ತಿ ಮುಚ್ಚಿಟ್ಟರೂ ತೊಂದರೆ. 2001ರ ಜನವರಿಯಲ್ಲಿ ಡೀನ್ ಕಾಮೆನ್ ಎಂಬ ಅಮೆರಿಕದ ಸಂಶೋಧಕರು ಏನೋ ಒಂದು ಮಾಡಿದ್ದಾರೆ ಅನ್ನುವ ಸುದ್ದಿ ಹೊರಬಿತ್ತು. ಏನದು ಅಂತ ಯಾರಿಗೂ ಗೊತ್ತಿಲ್ಲ. "ಜಿಂಜರ್" ಎಂಬ ಗುಪ್ತನಾಮ ಮಾತ್ರ ಗೊತ್ತು. ಇಂಟರ್ನೆಟ್‌ಗಿಂತ ದೊಡ್ಡದಂತೆ ಅನ್ನುವ ಮಾತು ಹರಿದಾಡಿತು. ಹನ್ನೊಂದು ತಿಂಗಳು ಜನ ತಲೆಗೊಂದು ಊಹೆ ಮಾಡಿದರು. ಡಿಸೆಂಬರ್ 3ರಂದು ಪರದೆ ಸರಿದಾಗ ಕಂಡದ್ದು ಎರಡು ಗಾಲಿಯ, ನಿಂತುಕೊಂಡು ಓಡಿಸುವ ಸೆಗ್ವೇ ಗಾಡಿ. ಅದರ ತಂತ್ರಜ್ಞಾನ ನಿಜಕ್ಕೂ ದೊಡ್ಡದೇ, ಬೀಳದಂತೆ ತಾನೇ ಸಮತೋಲ ಕಾಯುತ್ತಿತ್ತು. ಆದರೆ ಜನರ ಕಲ್ಪನೆ ಎಲ್ಲಿಗೋ ಹೋಗಿತ್ತು. ಗಾಡಿ ಅಷ್ಟೆತ್ತರಕ್ಕೆ ಏರಲು ಆಗಲಿಲ್ಲ. 2020ರಲ್ಲಿ ಅದರ ತಯಾರಿಯೇ ನಿಂತಿತು.

ವದಂತಿ ತಪ್ಪುವುದು ಎಲ್ಲಿ?

ನೆಲದ ಮೇಲೆ ಕಾಲಿಟ್ಟು ಹೇಳಿದ ಸೋರಿಕೆಯೂ ತಪ್ಪಬಹುದು. ಕಂಪನಿಗಳು ಒಂದೇ ಫೋನಿಗೆ ನಾಲ್ಕಾರು ನಮೂನೆ ಮಾಡಿ ನೋಡುತ್ತವೆ. ಕೈಬಿಟ್ಟ ನಮೂನೆಯೂ ಹೊರಗೆ ಬರುತ್ತದೆ. ಅದನ್ನು ನೋಡಿದವರು ಸುಳ್ಳು ಹೇಳಿರುವುದಿಲ್ಲ, ಆದರೆ ಆ ಫೋನ್ ಮಾರುಕಟ್ಟೆಗೆ ಬರುವುದಿಲ್ಲ. 2011ರಲ್ಲಿ ಹೊಸ ಆಕಾರದ ಐಫೋನ್ 5 ಬರುತ್ತದೆ ಅಂತ ನಂಬಿ ಕೆಲವು ಕವರ್ ಕಂಪನಿಗಳು ಮೊದಲೇ ಕವರ್ ಮಾಡಿಟ್ಟುಕೊಂಡಿದ್ದವು. ಆ ಅಕ್ಟೋಬರ್‌ನಲ್ಲಿ ಬಂದದ್ದು ಐಫೋನ್ 4ಎಸ್, ಹಳೆಯ ಆಕಾರದಲ್ಲೇ. 2021ರಲ್ಲಿ ಆಪಲ್ ವಾಚ್‌ನ ಅಂಚು ಚಪ್ಪಟೆ ಇರುತ್ತದೆ ಅಂತ ಚಿತ್ರ ಸಮೇತ ಸುದ್ದಿ ಬಂತು. ಗಡಿಯಾರ ಬಂದಾಗ ಅಂಚು ದುಂಡಗೇ ಇತ್ತು.

ಕೆಲವೊಮ್ಮೆ ವಿಷಯ ಸರಿ, ವರ್ಷ ತಪ್ಪು. ಟವರ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯ 2021ರ ಐಫೋನ್ 13ರಲ್ಲಿ ಬರುತ್ತದೆ ಅಂತ ಪೂರೈಕೆ ಕಂಪನಿಗಳ ಮೇಲೆ ಕಣ್ಣಿಟ್ಟು ಅಂದಾಜು ಹೇಳುವ ಹೆಸರಾಂತ ವಿಶ್ಲೇಷಕ ಮಿಂಗ್-ಚಿ ಕುವೊ ಹೇಳಿದ್ದರು. ಬರಲಿಲ್ಲ. 2022ರ ಐಫೋನ್ 14ರಲ್ಲಿ ಬಂತು. ಸೌಲಭ್ಯದ ಆಸೆಗೆ 13 ಕೊಂಡವರಿಗೆ "ವಿಷಯ ಸರಿಯಿತ್ತು" ಅನ್ನುವುದರಿಂದ ಏನು ಸಮಾಧಾನ?

ಕಂಪನಿ ತಾನೇ ಬಾಯಿಬಿಟ್ಟು ಹೇಳಿದ್ದೂ ನಡೆಯದೆ ಹೋಗಬಹುದು. ಏರ್‌ಪವರ್ ಎಂಬ ಚಾರ್ಜಿಂಗ್ ಚಾಪೆಯನ್ನು ಆಪಲ್ 2017ರ ಸೆಪ್ಟೆಂಬರ್‌ನಲ್ಲಿ ವೇದಿಕೆಯ ಮೇಲೆ ತೋರಿಸಿತು. 2019ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಜಿಯೊಫೋನ್ ನೆಕ್ಸ್ಟ್. 2021ರ ಗಣೇಶ ಚೌತಿಗೆ, ಸೆಪ್ಟೆಂಬರ್ 10ಕ್ಕೆ ಬರುತ್ತದೆ ಅಂತ ಕಂಪನಿಯೇ ಹೇಳಿತ್ತು. ಜಗತ್ತಿನಾದ್ಯಂತ ಚಿಪ್ಪುಗಳ ಕೊರತೆಯಿದ್ದ ಕಾಲ ಅದು. ದೀಪಾವಳಿಗೆ ಮುಂದೆ ಹೋಯಿತು, 6,499 ರೂಪಾಯಿಗೆ ಬಂತು.

ಇನ್ನು ಪ್ರತಿಗಳ ಸಮಸ್ಯೆ. ನಮ್ಮ ಹುಡುಗ ನನಗೆ ಹೇಳಿದ, "ಮಾಮಾ, ಒಬ್ಬರಲ್ಲ, ಹತ್ತು ಚಾನೆಲ್‌ನವರು ಇದೇ ರೇಟ್ ಹೇಳ್ಯಾರ್ರಿ." ಹತ್ತು ಕೊಡದಲ್ಲಿ ನೀರಿದೆ ಅಂದಮಾತ್ರಕ್ಕೆ ಹತ್ತು ಬಾವಿ ಇವೆ ಅಂತ ಅಲ್ವಲ್ಲ. ಎಲ್ಲ ಕೊಡಗಳೂ ಒಂದೇ ಬಾವಿಯಿಂದ ತುಂಬಿರಬಹುದು. ಚೀನಾದ ಯಾವುದೋ ಖಾತೆಯಲ್ಲಿ ಒಂದು ಸಾಲು ಬರುತ್ತದೆ. ಅದನ್ನು ಒಂದು ಇಂಗ್ಲಿಷ್ ತಾಣ "ಇರಬಹುದು" ಅಂತ ಹಾಕುತ್ತದೆ. ಹಿಂದಿಯ ಚಾನೆಲ್ "ಇದೆಯಂತೆ" ಅನ್ನುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ "ಇದೆ" ಆಗಿರುತ್ತದೆ. ವಿಡಿಯೊ ನೋಡುವಾಗ ಹೇಳುವವರು ಮೂಲವನ್ನು ಹೆಸರಿಸುತ್ತಾರೆಯೇ, "ಅಂತೆ" ಎಲ್ಲಿ ಮಾಯವಾಯಿತು, ಇಷ್ಟು ಗಮನಿಸಿದರೂ ಅರ್ಧ ಕಸ ಸೋಸಿಹೋಗುತ್ತದೆ.

ಷೇರು ಪೇಟೆಗೂ ಇದಕ್ಕೂ ಏನು ನಂಟು?

ವದಂತಿಯ ಮೇಲೆ ಷೇರು ಕೊಳ್ಳುವವರೂ ಇದ್ದಾರೆ. ದೊಡ್ಡ ಆರ್ಡರ್ ಸಿಕ್ಕಿತಂತೆ ಅನ್ನುವ ಒಂದು ಸಾಲಿಗೆ ಬಿಡಿಭಾಗ ಮಾಡುವ ಕಂಪನಿಗಳ ಷೇರು ಏರಬಹುದು. ಇದಕ್ಕೆ ಸೆಬಿ, ಅಂದರೆ ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಒಂದು ನಿಯಮ ತಂದಿದೆ. ಮುಖ್ಯ ಮಾಧ್ಯಮಗಳಲ್ಲಿ ಬಂದ ನಿರ್ದಿಷ್ಟ ವದಂತಿಯಿಂದ ಷೇರಿನ ಬೆಲೆ ಗಮನಾರ್ಹವಾಗಿ ಅಲುಗಾಡಿದರೆ, ಕಂಪನಿ 24 ಗಂಟೆಯೊಳಗೆ ಹೌದು, ಅಲ್ಲ, ಅಥವಾ ಸಂಗತಿ ಇದು ಅಂತ ಹೇಳಬೇಕು. 2024ರ ಜೂನ್ 1ರಿಂದ ದೊಡ್ಡ 100 ಕಂಪನಿಗಳಿಗೆ, ಅದೇ ಡಿಸೆಂಬರ್ 1ರಿಂದ 250 ಕಂಪನಿಗಳಿಗೆ ಇದು ಅನ್ವಯ. ನಮ್ಮ ಷೇರು ಪೇಟೆಯಲ್ಲಿರುವ ಕಂಪನಿಗಳಿಗೆ ಮಾತ್ರ. ಆಪಲ್, ಸ್ಯಾಮ್‌ಸಂಗ್‌ನವರು ಫೋನಿನ ಬಣ್ಣದ ಬಗ್ಗೆ ನಮಗೆ ಉತ್ತರ ಕೊಡಬೇಕಾದ್ದಿಲ್ಲ.

ತಾರೀಖು ಮತ್ತು ರೇಟು

ಕೊಳ್ಳುವವರಿಗೆ ಮುಖ್ಯವಾದದ್ದು ಇವೆರಡೇ. ಎರಡರ ನಂಬಿಕೆಯೂ ಒಂದೇ ಅಲ್ಲ.

ತಾರೀಖಿನ ಅಂದಾಜು ಸಾಮಾನ್ಯವಾಗಿ ಗಟ್ಟಿ. 2012ರ ಐಫೋನ್ 5ರಿಂದ ಈಚೆಗೆ ಆಪಲ್ ತನ್ನ ಮುಖ್ಯ ಫೋನುಗಳನ್ನು ಸೆಪ್ಟೆಂಬರ್‌ನಲ್ಲೇ ತೋರಿಸುತ್ತಾ ಬಂದಿದೆ. ಕೋವಿಡ್ ವರ್ಷ 2020ರಲ್ಲಿ ಮಾತ್ರ ಅಕ್ಟೋಬರ್‌ಗೆ ಹೋಯಿತು. 2024ರಲ್ಲಿ ಸೆಪ್ಟೆಂಬರ್ 9ಕ್ಕೆ ಘೋಷಣೆ, 20ಕ್ಕೆ ಮಾರಾಟ. 2025ರಲ್ಲಿ 9ಕ್ಕೆ ಘೋಷಣೆ, 19ಕ್ಕೆ ಮಾರಾಟ. ಮೊದಲು ನಮ್ಮ ದೇಶಕ್ಕೆ ತಡವಾಗಿ ಬರುತ್ತಿತ್ತು. 2016ರಲ್ಲಿ ಐಫೋನ್ 7 ಅಮೆರಿಕದಲ್ಲಿ ಸೆಪ್ಟೆಂಬರ್ 16ಕ್ಕೆ ಸಿಕ್ಕರೆ ಇಲ್ಲಿ ಅಕ್ಟೋಬರ್ 7ಕ್ಕೆ ಸಿಕ್ಕಿತು. ಈಗ ಮೊದಲ ದಿನವೇ ಸಿಗುತ್ತದೆ.

ರೇಟಿನ ವದಂತಿಯನ್ನು ನಾನು ನಂಬುವುದಿಲ್ಲ. ಕಾರಣ ಹೇಳುತ್ತೇನೆ. ಬಹಳ ವಿಡಿಯೊಗಳಲ್ಲಿ ಮಾಡುವುದು ಇಷ್ಟೇ: ಅಮೆರಿಕದ ರೇಟನ್ನು ಊಹಿಸಿ, ಡಾಲರ್ ಲೆಕ್ಕಕ್ಕೆ ಗುಣಿಸುವುದು. 799 ಡಾಲರ್, ಡಾಲರಿಗೆ 84 ರೂಪಾಯಿ ಅಂದರೆ 67,116. ಆದರೆ ಅಮೆರಿಕದವರು ಹೇಳುವ ರೇಟಿನಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಡಬ್ಬಿಯ ಮೇಲಿನ ರೇಟಿನಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿರುತ್ತದೆ. ಹೊರಗಿನಿಂದ ತಂದದ್ದಾದರೆ ಆಮದು ಸುಂಕವೂ ಇದೆ. ಅದನ್ನು 2024ರ ಜುಲೈ ಬಜೆಟ್‌ನಲ್ಲಿ 20ರಿಂದ 15 ಶೇಕಡಾಕ್ಕೆ ಇಳಿಸಿದರು. ಇದರ ಮೇಲೆ ಕಂಪನಿಯ ಸ್ವಂತ ಲೆಕ್ಕಾಚಾರ. 2020ರಲ್ಲಿ ಡಾಲರ್ 73 ರೂಪಾಯಿಯ ಆಸುಪಾಸು ಇತ್ತು, 2024ರಲ್ಲಿ 84ರ ಹತ್ತಿರ. ಆದರೆ ಐಫೋನ್ 12ರಿಂದ ಐಫೋನ್ 16ರ ತನಕ ಐದೂ ವರ್ಷ ಸಾದಾ ಮಾಡೆಲ್ ನಮ್ಮಲ್ಲಿ ಶುರುವಾದದ್ದು 79,900ಕ್ಕೇ. ಗುಣಾಕಾರ ಮಾಡಿದವರೆಲ್ಲ ತಪ್ಪಿದರು. 2025ರಲ್ಲಿ ಐಫೋನ್ 17ಕ್ಕೆ 82,900 ಆಯಿತು, ಆದರೆ ಜಾಗ 128ರ ಬದಲು 256 ಜಿಬಿಯಿಂದ ಶುರು.

ಅಂಗಡಿಯವರು "ಹಳೇದರ ರೇಟ್ ಇಳೀತದ" ಅಂದರಲ್ಲ, ಅದಕ್ಕೆ ಆಧಾರ ಇದೆ. 2024ರಲ್ಲಿ ಐಫೋನ್ 16 ಬಂದಾಗ 15ರ ರೇಟನ್ನು ಕಂಪನಿಯೇ 79,900ರಿಂದ 69,900ಕ್ಕೆ ಇಳಿಸಿತು. ಮರುವರ್ಷ 17 ಬಂದಾಗ 16ಕ್ಕೂ ಹಾಗೇ ಆಯಿತು. ಇದು ವದಂತಿಯಲ್ಲ, ನಡೆದುಬಂದ ರೂಢಿ. ಜೊತೆಗೆ ದಸರಾ, ದೀಪಾವಳಿಯ ಆಫರ್‌ಗಳೂ ಅದೇ ಹೊತ್ತಿಗೆ ಬರುತ್ತವೆ. ಆದರೆ ಒಂದು ನೆನಪಿರಲಿ: ಹೊಸದು ಬಂದರೆ ನಿಮ್ಮ ಕೈಯಲ್ಲಿರುವ ಹಳೆ ಫೋನಿನ ಎಕ್ಸ್‌ಚೇಂಜ್ ರೇಟೂ ಇಳಿಯಬಹುದು. ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ತೆರಿಗೆ ಇಳಿಯುತ್ತದಂತೆ ಅನ್ನುವುದನ್ನು ನಂಬಿ ಕಾದವರೂ ಇದ್ದರು. 2025ರ ಸೆಪ್ಟೆಂಬರ್ 22ರಿಂದ ಹೊಸ ಜಿಎಸ್‌ಟಿ ದರ ಬಂದಾಗ ಎಸಿ, ದೊಡ್ಡ ಟಿವಿಗಳ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಮೊಬೈಲ್ ಆಗಲೇ 18ರಲ್ಲಿತ್ತು, ಅಲ್ಲೇ ಉಳಿಯಿತು.

ಮುಂಗಡ ಕೊಡುವ ಮಾತು

2016ರ ಫೆಬ್ರವರಿಯಲ್ಲಿ ಫ್ರೀಡಂ 251 ಅಂತ ಒಂದು ಫೋನಿನ ಸುದ್ದಿ ದೇಶಕ್ಕೆ ದೇಶವನ್ನೇ ಎಬ್ಬಿಸಿತ್ತು. 251 ರೂಪಾಯಿಗೆ ಸ್ಮಾರ್ಟ್‌ಫೋನ್. ಬುಕಿಂಗ್ ತೆರೆದ ದಿನ ಜನರ ನೂಕುನುಗ್ಗಲಿಗೆ ಕಂಪನಿಯ ತಾಣವೇ ಕುಸಿಯಿತು. ಬುಕ್ ಮಾಡಿದ ಬಹುಪಾಲು ಜನರ ಕೈಗೆ ಫೋನ್ ಬರಲೇ ಇಲ್ಲ. ಒಂದು ಪರದೆ, ಒಂದು ಬ್ಯಾಟರಿ, ಒಂದು ಚಿಪ್ಪು, ಇವುಗಳ ಖರ್ಚೇ 251 ದಾಟುತ್ತದೆ ಅನ್ನುವ ಸರಳ ಲೆಕ್ಕವನ್ನು ಆಸೆ ಮುಚ್ಚಿಬಿಟ್ಟಿತ್ತು.

ನಮ್ಮ ಹುಡುಗನ ಹತ್ತಿರವೂ ಬೇರೊಂದು ಅಂಗಡಿಯವರು ಟೋಕನ್ ಅಡ್ವಾನ್ಸ್ ಅಂತ 2,000 ಕೇಳಿದ್ದರು. ಮೊದಲ ದಿನವೇ ಹೊಸ ಫೋನ್ ನಿನಗೇ ಕೊಡುತ್ತೇವೆ ಅಂತ. ಕಂಪನಿ ಇನ್ನೂ ತೋರಿಸದ, ರೇಟು ಹೇಳದ ಐಫೋನಿಗೆ ಅಂಗಡಿಯವರು ಇಂಥ ಮಾತು ಕೊಡಲು ಆಗುವುದಿಲ್ಲ. ಐಫೋನಿನ ಅಧಿಕೃತ ಬುಕಿಂಗ್ ಶುರುವಾಗುವುದು ಘೋಷಣೆಯ ನಂತರ, ಕಂಪನಿಯ ತಾಣದಲ್ಲಿ ಅಥವಾ ಅದರ ಅಧಿಕೃತ ಮಾರಾಟಗಾರರಲ್ಲಿ. ಬಿಡುಗಡೆಗೆ ಮೊದಲೇ "ಸೀಲ್ ಪ್ಯಾಕ್ ಇದೆ" ಅಂತ ಯಾರಾದರೂ ತೋರಿಸಿದರೆ ಡಬ್ಬಿಯ ಮೇಲೆ ಬಿಐಎಸ್ ಗುರುತಿನ ಜೊತೆ ಇರುವ "ಆರ್" ಸಂಖ್ಯೆ ನೋಡಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಯಾರ ಹೆಸರಲ್ಲಿದೆ ಅಂತ ಕಾಣುತ್ತದೆ.

ಹುಡುಗನಿಗೆ ಇದನ್ನೆಲ್ಲ ಹೇಳಿ, ಆ ವಿಡಿಯೊ ಇನ್ನೊಂದು ಸಲ ನೋಡು ಅಂದೆ. ಯಾವುದನ್ನು ಕಂಡು ಹೇಳಿದ್ದಾರೆ, ಯಾವುದನ್ನು ಲೆಕ್ಕ ಹಾಕಿ ಹೇಳಿದ್ದಾರೆ, ಯಾವುದಕ್ಕೆ ಎರಡೂ ಇಲ್ಲ ಅಂತ ಬರೆದುಕೋ ಅಂದೆ. ರಾತ್ರಿ ಊಟದ ಹೊತ್ತಿಗೆ ಮತ್ತೆ ಫೋನ್ ಬಂತು. ಆಕಾರ, ಬಣ್ಣ ಡಮ್ಮಿಯಿಂದ. ತಾರೀಖು ಹಿಂದಿನ ವರ್ಷಗಳ ರೂಢಿಯಿಂದ. ರೇಟಿನ ಮುಂದೆ ಅವನು ಏನೂ ಬರೆದಿರಲಿಲ್ಲ. "ಅದು ಎಲ್ಲಿಂದ ಬಂತಂತ ಅವರು ಹೇಳೇ ಇಲ್ರಿ ಮಾಮಾ. ಟೋಕನ್ ಕೊಡಲ್ಲ. ಘೋಷಣೆ ಆದ ಮರುದಿನ ನೀವೂ ಸೂಪರ್ ಮಾರ್ಕೆಟ್‌ಗೆ ಬರ್ರಿ, ಇಬ್ರೂ ಹೋಗಿ ಹಳೇ ಮಾಡೆಲ್‌ದು ರೇಟ್ ಕೇಳೋಣ."